ಬೆಳ್ಳಿ ಮೋಡ: ಮೋಹನ್ ಹಾಕಿದ ಲೆಕ್ಕ, ಇಂದಿರಾ ಮುಚ್ಚಿದ ಖಾತೆ

(ಸಂಚಿಕೆಯ ಲಿಖಿತ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

ದೊಡ್ಡಬಳ್ಳಾಪುರದ ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೆ, ನೆಲಮಂಗಲದ ಟೋಲ್ ಹತ್ರ ಟ್ರಾಫಿಕ್ಕಲ್ಲಿ ಸಿಕ್ಕಿಹಾಕ್ಕೊಂಡಿರೋರಿಗೆ, ಹೊಸಕೋಟೆಯಲ್ಲಿ ನೈಟ್ ಶಿಫ್ಟ್ ಮುಗಿಸಿ ಮನೆ ಕಡೆ ಹೊರಟಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತಿನ ವಿಷಯ ಪ್ರೀತಿಯ ಹೆಸರಲ್ಲಿ ಆಗೋ ಮೋಸ. ಮೋಸ ಹೇಗೆ ಆಗುತ್ತೆ ಅನ್ನೋದನ್ನ ದಿನಾ ನ್ಯೂಸಲ್ಲಿ ನೋಡ್ತೀವಿ, ಅದನ್ನ ನಾನು ಮತ್ತೆ ಹೇಳಲ್ಲ. ನನಗೆ ಬೇಕಾಗಿರೋದು ಅದರ ಮುಂದಿನ ಭಾಗ. ಮೋಸ ಆದ ಮೇಲೆ ಏನು? ಮರುದಿನ ಬೆಳಿಗ್ಗೆ ಎದ್ದು ಕಾಫಿ ಕುಡೀಬೇಕು, ಕೆಲಸಕ್ಕೆ ಹೋಗಬೇಕು, ಅಕ್ಕಪಕ್ಕದವರ ಮುಖ ನೋಡಬೇಕು. ಆ ಬೆಳಿಗ್ಗೆಯ ಬಗ್ಗೆ ನಮ್ಮ ಕತೆಗಳು ಏನು ಹೇಳಿವೆ? ಯಾವ ಕಾಲದಲ್ಲಿ ಏನು ಹೇಳಿದವು? ಇದಕ್ಕೂ ಒಂದು ಇತಿಹಾಸ ಇದೆ. ಆ ಇತಿಹಾಸದ ನಡುಮಧ್ಯೆ ಒಂದು ಕಾದಂಬರಿ ಇದೆ. ತ್ರಿವೇಣಿ ಅವರ ‘ಬೆಳ್ಳಿ ಮೋಡ’, 1959.

ನಾನು ಓದಿದ್ದು ಬಿ.ಕಾಂ. ಸಾಹಿತ್ಯದ ವಿದ್ಯಾರ್ಥಿ ಅಲ್ಲ. ಹಾಗಾಗಿ ಕಾದಂಬರಿ ಓದಿದ್ರೂ ನನಗೆ ಮೊದಲು ಕಾಣೋದು ಜಮಾ-ಖರ್ಚು. ಈ ಎಪಿಸೋಡಲ್ಲಿ ಸ್ವಲ್ಪ ಅಕೌಂಟೆನ್ಸಿ ಬರುತ್ತೆ, ಸಹಿಸಿಕೊಳ್ಳಿ.

ಉಂಗುರ ಅನ್ನೋ ಸ್ಕ್ರೀನ್‌ಶಾಟ್

ಶುರು ಮಾಡೋಣ ತುಂಬಾ ಹಿಂದಿನಿಂದ. ಶಕುಂತಲೆ. ಕಾಡಲ್ಲಿ ರಾಜ ಸಿಕ್ಕ, ಗಾಂಧರ್ವ ವಿವಾಹ ಆಯ್ತು, ಹೋಗಿ ಕರೆಸಿಕೊಳ್ತೀನಿ ಅಂದ, ಹೋದ. ಅವಳು ಆಸ್ಥಾನಕ್ಕೆ ಬಂದು ನಿಂತರೆ ‘ನೀನು ಯಾರು’ ಅಂತ ಕೇಳಿದ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಬ್ಲಾಕ್ ಮಾಡಿದ.

ಮಹಾಭಾರತದ ಆದಿಪರ್ವದಲ್ಲಿ ಈ ದುಷ್ಯಂತನಿಗೆ ಎಲ್ಲ ನೆನಪಿದೆ. ನೆನಪಿದ್ದೂ ಇಲ್ಲ ಅಂತಾನೆ. ಶಕುಂತಲೆ ಅಳ್ತಾ ಕೂರಲ್ಲ, ತುಂಬಿದ ಸಭೆಯಲ್ಲಿ ನಿಂತು ವಾದ ಮಾಡ್ತಾಳೆ. ಸತ್ಯ ಅಂದ್ರೆ ಏನು, ಹೆಂಡತಿ ಅಂದ್ರೆ ಏನು, ಮಗ ಅಂದ್ರೆ ಏನು ಅಂತ ಅವನಿಗೇ ಪಾಠ ಹೇಳ್ತಾಳೆ. ಕೊನೆಗೆ ಆಕಾಶವಾಣಿ ಬಂದು ಸಾಕ್ಷಿ ಹೇಳಿದ ಮೇಲೆ ಅವನು ಒಪ್ಕೋತಾನೆ.

ಕಾಳಿದಾಸ ಇದೇ ಕತೆಯನ್ನ ನಾಟಕ ಮಾಡುವಾಗ ಎರಡು ಸಾಮಾನು ಸೇರಿಸಿದ. ಒಂದು ದೂರ್ವಾಸರ ಶಾಪ, ಇನ್ನೊಂದು ಉಂಗುರ. ಶಾಪದಿಂದ ರಾಜನಿಗೆ ಮರೆವು, ಹಾಗಾಗಿ ತಪ್ಪು ಅವನದಲ್ಲ. ಉಂಗುರ ಸಿಕ್ಕಿದ ತಕ್ಷಣ ಎಲ್ಲ ನೆನಪು. ಅಂದ್ರೆ ಅವಳ ಮಾತಿಗಿಂತ ಉಂಗುರ ಅನ್ನೋ ಸ್ಕ್ರೀನ್‌ಶಾಟಿಗೆ ಬೆಲೆ ಜಾಸ್ತಿ. ಹತ್ತೊಂಬತ್ತನೇ ಶತಮಾನದಲ್ಲಿ ಬಸವಪ್ಪ ಶಾಸ್ತ್ರಿಗಳು ಮೈಸೂರು ಅರಮನೆಯ ಆಶ್ರಯದಲ್ಲಿ ಇದನ್ನ ಕನ್ನಡಕ್ಕೆ ತಂದರು. ‘ಅಭಿನವ ಕಾಳಿದಾಸ’ ಅಂತ ಅವರಿಗೆ ಬಿರುದು. ನಮ್ಮ ರಂಗಭೂಮಿ ಮೇಲೆ ಚೆನ್ನಾಗಿ ಓಡಿದ್ದು ಈ ಶಾಪದ ಶಕುಂತಲೆಯೇ, ವಾದ ಮಾಡಿದ ಶಕುಂತಲೆ ಅಲ್ಲ.

ಎರಡೂ ಕತೆಗಳಲ್ಲಿ ಒಂದು ವಿಷಯ ಮಾತ್ರ ಬದಲಾಗಲ್ಲ. ಮೋಸದಿಂದ ಚೇತರಿಸಿಕೊಳ್ಳೋದು ಅಂದ್ರೆ ಅದೇ ಗಂಡಸು ವಾಪಸ್ ಸಿಗೋದು. ಅವನು ಕರೆದ, ಇವಳು ಹೋದಳು, ಶುಭಂ. ಈ ಮಾತನ್ನ ನೆನಪಲ್ಲಿ ಇಟ್ಕೊಳ್ಳಿ, ಯಾಕಂದ್ರೆ ಮುಂದೆ ಒಬ್ಬಳು ಇದನ್ನ ಒಡೀತಾಳೆ.

ನಗೋದು ಯಾರನ್ನ ನೋಡಿ

ಈಗ 1887ಕ್ಕೆ ಬನ್ನಿ. ಉತ್ತರ ಕನ್ನಡದ ಹೊನ್ನಾವರ ತಾಲ್ಲೂಕಿನ ಕರ್ಕಿ ಅನ್ನೋ ಊರು. ಸೂರಿ ವೆಂಕಟರಮಣ ಶಾಸ್ತ್ರಿಗಳು ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ ಅಂತ ಒಂದು ನಾಟಕ ಬರೆದರು. ಕನ್ನಡದ ಮೊದಲ ಸಾಮಾಜಿಕ ನಾಟಕ ಅಂತ ಇದಕ್ಕೆ ಹೆಸರು. ವಿಷಯ ಕನ್ಯಾವಿಕ್ರಯ. ಅಂದ್ರೆ ದುಡ್ಡು ತಗೊಂಡು ಚಿಕ್ಕ ಹುಡುಗಿಯನ್ನ ವಯಸ್ಸಾದವರಿಗೆ ಮದುವೆ ಮಾಡಿಕೊಡೋದು. ಮನೆಯಲ್ಲಿ ಆಡೋ ಹವ್ಯಕ ಕನ್ನಡದಲ್ಲೇ ಬರೆದರು. ಮುಖ್ಯವಾದ ಮಾತು, ಅದು ಪ್ರಹಸನ, ನಗಿಸೋ ನಾಟಕ.

ಇಷ್ಟು ಗಂಭೀರ ವಿಷಯಕ್ಕೆ ನಗು ಯಾಕೆ ಅಂತ ಕೇಳಬಹುದು. ಇಲ್ಲಿ ಜನ ನಕ್ಕಿದ್ದು ಹುಡುಗಿಯನ್ನ ನೋಡಿ ಅಲ್ಲ, ವ್ಯಾಪಾರ ಮಾಡೋರನ್ನ ನೋಡಿ. ಅಲ್ಲಿವರೆಗೆ ಮದುವೆಯಲ್ಲಿ ಏನಾದರೂ ಎಡವಟ್ಟಾದ್ರೆ ಅವಮಾನದ ಬಿಲ್ ಬರ್ತಿದ್ದದ್ದು ಹುಡುಗಿ ಹೆಸರಿಗೆ. ಪ್ರಹಸನ ಆ ಬಿಲ್ಲನ್ನ ಸರಿಯಾದ ವಿಳಾಸಕ್ಕೆ ಕಳಿಸಿತು.

ಹನ್ನೆರಡು ವರ್ಷ ಆದ ಮೇಲೆ, 1899ರಲ್ಲಿ, ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ. ಇಂದಿರಾ ಬಾಲವಿಧವೆ. ಭಕ್ತಿಯ ವೇಷ ಹಾಕ್ಕೊಂಡು ಮನೆಯನ್ನ ದೋಚೋ ಜನ ಸುತ್ತ ತುಂಬಿಕೊಂಡಿರ್ತಾರೆ. ಅವಳು ಅಲ್ಲಿಂದ ತಪ್ಪಿಸಿಕೊಂಡು, ಓದಿ, ಮತ್ತೆ ಮದುವೆ ಆಗ್ತಾಳೆ. ಗುಲ್ವಾಡಿಯವರು ಇಲ್ಲೂ ವ್ಯಂಗ್ಯವನ್ನ ಎತ್ತಿರೋದು ವೇಷಧಾರಿಗಳ ಮೇಲೆಯೇ.

ಅಂದ್ರೆ 1899ಕ್ಕೆ ಚೇತರಿಕೆಯ ಅರ್ಥ ಸ್ವಲ್ಪ ಬದಲಾಯ್ತು. ಓದು ಬಂತು, ಹೊಸ ಬದುಕು ಬಂತು. ಆದ್ರೂ ಕತೆ ನಿಲ್ಲೋದು ಮದುವೆ ಮಂಟಪದಲ್ಲೇ.

ಎಸ್ಟೇಟಿನ ಇಂದಿರಾ

ಅರವತ್ತು ವರ್ಷ ಬಿಟ್ಟು ಇನ್ನೊಬ್ಬಳು ಇಂದಿರಾ ಬರ್ತಾಳೆ. ಇವಳನ್ನ ಬರೆದವರು ತ್ರಿವೇಣಿ. ನಿಜವಾದ ಹೆಸರು ಅನಸೂಯಾ ಶಂಕರ್. 1928ರಲ್ಲಿ ಮಂಡ್ಯದಲ್ಲಿ ಹುಟ್ಟಿದವರು, ಮೈಸೂರಿನ ಮಹಾರಾಜ ಕಾಲೇಜಲ್ಲಿ ಮನಃಶಾಸ್ತ್ರ ಓದಿದವರು. ಮೊದಲ ಕಾದಂಬರಿ ‘ಅಪಸ್ವರ’ ಬಂದದ್ದು 1953ರಲ್ಲಿ. ಹತ್ತೇ ವರ್ಷದಲ್ಲಿ ಸುಮಾರು ಇಪ್ಪತ್ತು ಕಾದಂಬರಿ. 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅವರಿಗೆ 34.

‘ಬೆಳ್ಳಿ ಮೋಡ’ದ ಕತೆ ನಿಮ್ಮಲ್ಲಿ ತುಂಬಾ ಜನಕ್ಕೆ ಸಿನಿಮಾದಿಂದ ಗೊತ್ತಿರುತ್ತೆ. 1967ರಲ್ಲಿ ಬಂತು, ಕನ್ನಡದಲ್ಲಿ ಪುಟ್ಟಣ್ಣ ಕಣಗಾಲರ ಮೊದಲ ನಿರ್ದೇಶನ. ಇಂದಿರಾ ಆಗಿ ಕಲ್ಪನಾ, ಮೋಹನ್ ಆಗಿ ಕಲ್ಯಾಣ್ ಕುಮಾರ್. ‘ಮೂಡಲ ಮನೆಯ’ ಹಾಡು ಇದೆಯಲ್ಲ, ಬೇಂದ್ರೆಯವರದ್ದು, ಅದು ಈ ಸಿನಿಮಾದ್ದೇ. ಗೊತ್ತಿಲ್ಲದವರಿಗೆ ಕತೆ ಚಿಕ್ಕದಾಗಿ ಹೇಳ್ತೀನಿ.

ಚಿಕ್ಕಮಗಳೂರಿನ ಕಡೆ ಒಂದು ಎಸ್ಟೇಟ್, ಹೆಸರು ಬೆಳ್ಳಿ ಮೋಡ. ಯಜಮಾನರು ಸದಾಶಿವ ರಾಯರು, ಒಬ್ಬಳೇ ಮಗಳು ಇಂದಿರಾ. ಮೋಹನ್ ಅಂತ ಬುದ್ಧಿವಂತ ಹುಡುಗ, ಅಮೆರಿಕಕ್ಕೆ ಹೋಗಿ ಓದೋ ಆಸೆ, ಕೈಯಲ್ಲಿ ದುಡ್ಡಿಲ್ಲ. ರಾಯರು ಖರ್ಚು ಕೊಡೋಕೆ ಒಪ್ತಾರೆ, ಇಂದಿರಾ ಜೊತೆ ಮದುವೆ ಮಾತಾಗುತ್ತೆ. ಅವಳು ಮನಸಾರೆ ಪ್ರೀತಿಸ್ತಾಳೆ. ಅವನು ಹೋಗ್ತಾನೆ. ಅವನು ಅಲ್ಲಿರುವಾಗ ಇಲ್ಲಿ ಎಷ್ಟೋ ವರ್ಷಗಳ ಮೇಲೆ ರಾಯರಿಗೆ ಗಂಡುಮಗು ಹುಟ್ಟುತ್ತೆ. ಮೋಹನ್ ವಾಪಸ್ ಬಂದು ನೋಡ್ತಾನೆ, ಎಸ್ಟೇಟಿಗೆ ವಾರಸುದಾರ ಬಂದಿದ್ದಾನೆ. ಮದುವೆ ಬೇಡ ಅಂತಾನೆ. ಪ್ರೀತಿಸಿದ್ದು ಹುಡುಗಿಯನ್ನಲ್ಲ, ತೋಟವನ್ನ.

ಮುಂದೆ ಅವನಿಗೆ ಪೆಟ್ಟಾಗಿ ಹಾಸಿಗೆ ಹಿಡಿದಾಗ ಇಂದಿರಾನೇ ಶುಶ್ರೂಷೆ ಮಾಡ್ತಾಳೆ. ಈಗ ಅವನಿಗೆ ನಿಜವಾಗಲೂ ಅವಳ ಮೇಲೆ ಮನಸ್ಸಾಗುತ್ತೆ, ಮದುವೆ ಆಗೋಣ ಅಂತಾನೆ. ಶಕುಂತಲೆಯ ಕಾಲದಿಂದ ಎಲ್ಲರೂ ಕಾಯ್ತಿದ್ದ ಘಟ್ಟ ಇದು. ಇಂದಿರಾ ಬೇಡ ಅಂತಾಳೆ.

ಕಿರುಚಾಟ ಇಲ್ಲ, ಶಾಪ ಇಲ್ಲ, ವಿಷದ ಬಾಟಲಿ ಇಲ್ಲ. ಬೇಡ ಅಂದಳು, ಅಷ್ಟೆ. ನಮ್ಮಮ್ಮ ಕಾಲೇಜಿನ ದಿನಗಳಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಈ ಪುಸ್ತಕ ಬಾಡಿಗೆಗೆ ತಂದು ಒಂದೇ ರಾತ್ರಿಗೆ ಓದಿ ಮುಗಿಸಿದ್ದರಂತೆ. ಯಾಕೆ ಇಷ್ಟ ಆಯ್ತು ಅಂತ ಕೇಳಿದೆ. “ಅವಳು ಅವನಿಗೆ ಗಂಜಿ ಕೊಟ್ಟಳು ಕಣೇ, ಕೈ ಕೊಡಲಿಲ್ಲ” ಅಂದರು. ಇದಕ್ಕಿಂತ ಚೆನ್ನಾಗಿರೋ ವಿಮರ್ಶೆ ನಾನು ಬರೆಯೋಕಾಗಲ್ಲ.

ಮೋಹನನ ಲೆಕ್ಕ ಸರಿ ಇತ್ತಾ?

ಈಗ ನನ್ನ ಸಬ್ಜೆಕ್ಟಿಗೆ ಬರ್ತೀನಿ. ಮೋಹನ್ ಒಂದು ಲೆಕ್ಕ ಹಾಕಿ ಓಡಿಹೋದ. ಆ ಲೆಕ್ಕವನ್ನ ಆಡಿಟ್ ಮಾಡೋಣ.

1956ರ ಜೂನ್ 17ರಂದು ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂತು. ಕಾದಂಬರಿ ಬರೋಕೆ ಮೂರು ವರ್ಷ ಮೊದಲು. ಅದರ ಪ್ರಕಾರ ಒಬ್ಬ ವ್ಯಕ್ತಿ ತನ್ನ ಸ್ವಂತ ದುಡಿಮೆಯ ಆಸ್ತಿ ಬಿಟ್ಟು, ವಿಲ್ ಬರೆಯದೆ ತೀರಿಕೊಂಡರೆ, ಹೆಂಡತಿಗೆ, ಮಗನಿಗೆ, ಮಗಳಿಗೆ ಸಮಪಾಲು. ಎಸ್ಟೇಟ್ ರಾಯರ ಸ್ವಂತದ್ದು ಅಂತ ಇಟ್ಕೊಳ್ಳಿ. ತಮ್ಮ ಹುಟ್ಟೋಕೆ ಮುಂಚೆ, ಅಪ್ಪ ಅಮ್ಮ ಇಬ್ಬರ ಕಾಲ ಆದ ಮೇಲೆ ಇಂದಿರಾಗೆ ಬರೋದು ಪೂರ್ತಿ. ತಮ್ಮ ಹುಟ್ಟಿದ ಮೇಲೆ ಬರೋದು ಅರ್ಧ. ಸೊನ್ನೆ ಅಲ್ಲ, ಅರ್ಧ!

ಅರ್ಧ ಎಸ್ಟೇಟ್ ಕಡಿಮೆ ಏನಲ್ಲ. ಹಾಗಾದ್ರೆ ಮೋಹನ್ ಯಾಕೆ ಓಡಿದ? ಓದೋರಿಗೆ ಯಾರಿಗೂ ಇದು ವಿಚಿತ್ರ ಅನ್ನಿಸಲಿಲ್ಲ ಯಾಕೆ? ಯಾಕಂದ್ರೆ ಕಾನೂನು ದೆಹಲಿಯಲ್ಲಿ ಬದಲಾಗಿತ್ತು, ಜಗಲಿಯಲ್ಲಿ ಬದಲಾಗಿರಲಿಲ್ಲ. ಗಂಡು ಹುಟ್ಟಿದ ಅಂದ್ರೆ ಆಸ್ತಿ ಅವನದು, ಹೆಣ್ಣಿಗೆ ಸೀರೆ, ಒಡವೆ, ಮದುವೆ ಖರ್ಚು. ಕತೆ ಬರೆದವರಿಗೂ ಓದಿದವರಿಗೂ ಈ ರೂಢಿ ಎಷ್ಟು ಗೊತ್ತಿತ್ತು ಅಂದ್ರೆ, ಅದನ್ನ ವಿವರಿಸೋ ಅಗತ್ಯವೇ ಬರಲಿಲ್ಲ.

ಪಿತ್ರಾರ್ಜಿತ ಆಸ್ತಿ ಆಗಿದ್ದರೆ ಇನ್ನೂ ಕಷ್ಟ. ಅದರಲ್ಲಿ ಮಗ ಹುಟ್ಟಿದ ಕ್ಷಣದಿಂದ ಪಾಲುದಾರ, ಮಗಳು ಅಲ್ಲ. ಇದು ಬದಲಾಗೋಕೆ ತುಂಬಾ ವರ್ಷ ಹಿಡೀತು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂತು, ಅದು ಕೂಡ ಆ ದಿನಕ್ಕೆ ಮದುವೆ ಆಗದೆ ಇದ್ದ ಹೆಣ್ಣುಮಕ್ಕಳಿಗೆ ಮಾತ್ರ. ಇಡೀ ದೇಶಕ್ಕೆ, ಮದುವೆ ಆದವರೂ ಸೇರಿದಂತೆ, ಹಕ್ಕು ಬಂದದ್ದು 2005ರ ಸೆಪ್ಟೆಂಬರ್ 9ಕ್ಕೆ. ಆ ದಿನ ಅಪ್ಪ ಬದುಕಿರಲೇಬೇಕಾ ಅನ್ನೋ ಜಗಳಕ್ಕೆ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ತೆರೆ ಎಳೆಯಿತು. ಬದುಕಿರಬೇಕಾಗಿಲ್ಲ, ಮಗಳ ಹಕ್ಕು ಹುಟ್ಟಿನಿಂದ ಬಂದದ್ದು ಅಂತ.

ನಮ್ಮ ಜಿಲ್ಲೆಯವರಿಗೆ ಇದು ಬರೀ ಪಾಠ ಅಲ್ಲ. 1986ರ ಆಗಸ್ಟ್ 15ರಂದು ಬೆಂಗಳೂರು ಗ್ರಾಮಾಂತರ ಬೇರೆ ಜಿಲ್ಲೆ ಆದಾಗ ಇಲ್ಲಿ ರಾಗಿ, ರೇಷ್ಮೆ, ದ್ರಾಕ್ಷಿ ಮಾತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ಹಾರಿದ ಮೇಲೆ ಗುಂಟೆ ಮಾತು. ಮದುವೆ ಮಾತುಕತೆಗೆ ಬಂದ ಹಿರಿಯರು ಹುಡುಗಿ ಏನು ಓದಿದ್ದಾಳೆ ಅಂತ ಕೇಳೋ ಅಷ್ಟೇ ಸಹಜವಾಗಿ, ಜಮೀನು ಏರ್‌ಪೋರ್ಟಿಂದ ಎಷ್ಟು ದೂರ ಅಂತ ಕೇಳ್ತಾರೆ. ಮೋಹನ್ ಒಬ್ಬನೇ ಅಲ್ಲ, ಮೋಹನನ ಲೆಕ್ಕ ಈಗ ನಮ್ಮೂರ ಜಗಲಿಯಲ್ಲೇ ನಡೀತಿದೆ. ಇನ್ನೊಂದು ಕಡೆ, ‘ಅರಿಶಿನ ಕುಂಕುಮಕ್ಕೆ’ ಅಂತ ಒಂದಿಷ್ಟು ಕೈಗಿಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕತಂಗಿಯರ ಸಹಿ ಹಾಕಿಸಿಕೊಳ್ಳೋದೂ ನಡೀತಿದೆ. ಸಹಿ ಹಾಕಲ್ಲ ಅಂದ್ರೆ ತವರಿನ ಬಾಗಿಲು ಮುಚ್ಚುತ್ತೆ ಅನ್ನೋ ಭಯ. ಪ್ರೀತಿ ಇಟ್ಟುಕೊಂಡು ಆಸ್ತಿ ಬರೆಸಿಕೊಳ್ಳೋದು ಹೊರಗಿನವರು ಮಾತ್ರ ಮಾಡೋ ಕೆಲಸ ಅಲ್ಲ. ಇದನ್ನ ಹೇಳಿದ್ರೆ ಕೆಲವರಿಗೆ ಕೋಪ ಬರುತ್ತೆ. ಬರಲಿ.

ಅಮೆರಿಕದ ಖರ್ಚು ಯಾರ ಖಾತೆಗೆ

ಇನ್ನೊಂದು ಆಡಿಟ್ ಪ್ರಶ್ನೆ. ರಾಯರು ಕೊಟ್ಟ ದುಡ್ಡನ್ನ ಏನಂತ ಬರೀಬೇಕು? ಸಾಲವಾ, ದಾನವಾ, ಅಡ್ವಾನ್ಸಾ? ಆಗ ಒಂದು ಡಾಲರಿಗೆ 4 ರೂಪಾಯಿ 76 ಪೈಸೆ. ಕೇಳಿ ಹೊಟ್ಟೆ ಉರ್ಕೋಬೇಡಿ, ಸಂಬಳವೂ ಹಾಗೇ ಇತ್ತು. 1957ರ ನಂತರ ದೇಶದಲ್ಲಿ ವಿದೇಶಿ ವಿನಿಮಯದ ಬಿಕ್ಕಟ್ಟು ಬೇರೆ. ಅಂಥ ಕಾಲದಲ್ಲಿ ಮನೆ ದುಡ್ಡಲ್ಲಿ ಒಬ್ಬರನ್ನ ಅಮೆರಿಕಕ್ಕೆ ಕಳಿಸೋದು ದೊಡ್ಡ ವ್ಯವಹಾರ.

ವರದಕ್ಷಿಣೆ ನಿಷೇಧ ಕಾಯ್ದೆ ಜಾರಿಗೆ ಬಂದದ್ದು 1961ರ ಜುಲೈ 1ಕ್ಕೆ. ಅಂದ್ರೆ ಕಾದಂಬರಿ ಬಂದಾಗ ಹುಡುಗನ ಓದಿಗೆ ಮಾವ ಖರ್ಚು ಮಾಡೋದು ಇಡೀ ಊರು ಮೆಚ್ಚೋ ಔದಾರ್ಯ. ಎರಡು ವರ್ಷದ ಮೇಲೆ, ಮದುವೆಯ ಸಲುವಾಗಿ ಕೊಟ್ಟದ್ದು ಅಂತ ಸಾಬೀತಾದರೆ ಅದೇ ಅಪರಾಧ. ತೆಗೆದುಕೊಂಡವನಷ್ಟೇ ಅಲ್ಲ, ಕೊಟ್ಟವರೂ ಅಪರಾಧಿ. ಶುರುವಲ್ಲಿ ಶಿಕ್ಷೆ ಆರು ತಿಂಗಳ ತನಕ ಜೈಲು ಅಥವಾ 5,000 ರೂಪಾಯಿ ತನಕ ದಂಡ. ಆಮೇಲೆ ತಿದ್ದುಪಡಿ ಆಗಿ ಕನಿಷ್ಠ ಐದು ವರ್ಷ ಜೈಲಾಯ್ತು.

ರಾಯರು ಮೋಹನ್ ಮೇಲೆ ಕೇಸ್ ಹಾಕಬಹುದಿತ್ತಾ? ಬಿ.ಕಾಂ ಮಾಡಿದವರು ನೆನಪಿಸಿಕೊಳ್ಳಿ, 1872ರ ಕರಾರು ಕಾಯ್ದೆ, ಸೆಕ್ಷನ್ 73. ಕೊಟ್ಟ ಮಾತು ಮುರಿದರೆ ಆದ ನಷ್ಟಕ್ಕೆ ಪರಿಹಾರ. ಮದುವೆ ಮಾತಿಗೂ ಇದನ್ನ ಅನ್ವಯಿಸಿ ಪರಿಹಾರ ಕೇಳೋಕೆ ದಾರಿ ಇದೆ. ಆದ್ರೆ ಅದೇ ಸೆಕ್ಷನ್ ಇನ್ನೊಂದು ಮಾತೂ ಹೇಳುತ್ತೆ. ದೂರದ, ಪರೋಕ್ಷ ನಷ್ಟಕ್ಕೆ ಪರಿಹಾರ ಇಲ್ಲ. ಛತ್ರದ ಅಡ್ವಾನ್ಸ್ ಹೋದರೆ ಕೋರ್ಟಿಗೆ ಅರ್ಥ ಆಗುತ್ತೆ. ಕಾಗದಕ್ಕೆ ಕಾಯ್ತಾ ಕಳೆದ ಸಂಜೆಗಳನ್ನ ಯಾವ ಕಾಲಂನಲ್ಲಿ ಬರೆಯೋದು?

ಇಂಗ್ಲೆಂಡಲ್ಲಿ ಈ ತರ ಕೇಸುಗಳು ಎಷ್ಟು ಮಾಮೂಲಾಗಿದ್ದವು ಅಂದ್ರೆ ಅದರ ಮೇಲೇ ನಗೆ ಕಾದಂಬರಿ ಬಂತು. ಡಿಕನ್ಸ್ 1836-37ರಲ್ಲಿ ಕಂತುಗಳಲ್ಲಿ ಬರೆದ ‘ಪಿಕ್‌ವಿಕ್ ಪೇಪರ್ಸ್’. ಪಿಕ್‌ವಿಕ್ ಅನ್ನೋ ಪಾಪದ ಮುದುಕರು ಆಡಿದ ಏನೋ ಮಾತನ್ನ ಮನೆ ಮಾಲಕಿ ಬಾರ್ಡೆಲ್ ಮದುವೆ ಪ್ರಸ್ತಾಪ ಅಂದ್ಕೋತಾಳೆ. ವಕೀಲರು ಕೇಸ್ ಹಾಕಿಸ್ತಾರೆ. ಊಟಕ್ಕೆ ಏನು ಮಾಡಿಡಬೇಕು ಅಂತ ಬರೆದ ಚೀಟಿಯನ್ನ ಕೋರ್ಟಲ್ಲಿ ಪ್ರೇಮಪತ್ರ ಅಂತ ಓದ್ತಾರೆ! 750 ಪೌಂಡ್ ಪರಿಹಾರ ಅಂತ ತೀರ್ಪು. ಪಿಕ್‌ವಿಕ್ ಕೊಡಲ್ಲ, ಜೈಲಿಗೆ ಹೋಗ್ತಾರೆ. ಕೊನೆಗೆ ವಕೀಲರ ಫೀಸ್ ಕಟ್ಟೋಕಾಗದೆ ಬಾರ್ಡೆಲ್ ಕೂಡ ಅದೇ ಜೈಲಿಗೆ ಬರ್ತಾಳೆ. ಅವಳನ್ನ ನೋಡಿ ಪಿಕ್‌ವಿಕ್‌ಗೆ ಅಯ್ಯೋ ಅನ್ನಿಸುತ್ತೆ. ಇಂಗ್ಲೆಂಡ್ 1971ರ ಜನವರಿ 1ರಿಂದ ಈ ತರದ ದಾವೆಗಳನ್ನೇ ತೆಗೆದುಹಾಕಿತು.

ಡಿಕನ್ಸ್ ನಗಿಸಿದ್ದು ಸುಮ್ಮನೆ ಅಲ್ಲ. ಕೋರ್ಟ್ ದುಡ್ಡು ಕೊಡಿಸಬಹುದು, ಗೌರವ ಕೊಡಿಸಲ್ಲ ಅನ್ನೋದು ನಗ್ತಾ ನಗ್ತಾ ಗೊತ್ತಾಗುತ್ತೆ. ನಮ್ಮ ಇಂದಿರಾ ಕೋರ್ಟಿಗೆ ಹೋಗಲಿಲ್ಲ. ಹೋದದ್ದು ಹೋಯ್ತು ಅಂತ ಬರೆದಳು, ಖಾತೆ ಮುಚ್ಚಿದಳು. ಕಾಮರ್ಸಲ್ಲಿ ಇದಕ್ಕೆ ಬ್ಯಾಡ್ ಡೆಟ್ ಅಂತಾರೆ, ಬಾರದ ಸಾಲ. ಲೆಕ್ಕ ಬಲ್ಲ ವ್ಯಾಪಾರಿ ಬಾರದ ಸಾಲವನ್ನ ವರ್ಷ ವರ್ಷ ಆಸ್ತಿ ಅಂತ ತೋರಿಸ್ತಾ ಕೂರಲ್ಲ. ಇಷ್ಟು ವರ್ಷ ಕಾದಿದ್ದೀನಿ, ಇಷ್ಟು ಖರ್ಚಾಗಿದೆ, ಹಾಗಾಗಿ ಇವನನ್ನೇ ಮದುವೆ ಆಗಬೇಕು ಅನ್ನೋದು ಹೋದ ದುಡ್ಡಿನ ಹಿಂದೆ ಇರೋ ದುಡ್ಡನ್ನೂ ಕಳಿಸೋ ಬುದ್ಧಿ. ಇಂದಿರಾ ಆ ಬುದ್ಧಿಗೆ ಬೀಳಲಿಲ್ಲ.

ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಾಗಬೇಕಾದ್ರೆ ‘ಶರಪಂಜರ’ ಪಕ್ಕದಲ್ಲಿಟ್ಟು ನೋಡಿ. ಅದೂ ತ್ರಿವೇಣಿಯವರದ್ದೇ. 1971ರ ಸಿನಿಮಾಕ್ಕೆ ನಿರ್ದೇಶಕರು ಪುಟ್ಟಣ್ಣ, ನಾಯಕಿ ಕಲ್ಪನಾ. ಅಲ್ಲಿ ಕಾವೇರಿ ಮಾನಸಿಕ ಕಾಯಿಲೆಯಿಂದ ಗುಣವಾಗಿ ಮನೆಗೆ ಬರ್ತಾಳೆ. ಮನೆಯವರು, ಊರವರು ಅವಳನ್ನ ಹುಚ್ಚಿ ಅಂತ ನೋಡೋದು ನಿಲ್ಲಿಸಲ್ಲ, ಗಂಡ ಬೇರೆ ಹೆಣ್ಣಿನ ಸಂಗ ಮಾಡಿರ್ತಾನೆ. ಕಾವೇರಿ ಮತ್ತೆ ಆಸ್ಪತ್ರೆ ಸೇರ್ತಾಳೆ. ಲೇಖಕಿ ಅವರೇ, ನಂಬಿಕೆದ್ರೋಹವೂ ಇದೆ, ಒಬ್ಬಳು ಎದ್ದಳು, ಇನ್ನೊಬ್ಬಳು ಬಿದ್ದಳು. ವ್ಯತ್ಯಾಸ ಅವರ ಗಟ್ಟಿತನದಲ್ಲಿ ಅಲ್ಲ, ಸುತ್ತ ಇದ್ದ ಜನರಲ್ಲಿ ಅಂತ ನನಗನ್ನಿಸುತ್ತೆ. ಇಂದಿರಾಗೆ ಇರೋಕೆ ಸ್ವಂತ ಮನೆ ಇತ್ತು, ಸೋತವಳು ಅಂತ ದಿನಾ ಚುಚ್ಚೋರು ಇರಲಿಲ್ಲ.

ಪಾರ್ಸೆಲ್ ಪರಮೇಶಿ

ಇದನ್ನೆಲ್ಲ ನಾನು ಯಾಕೆ ಓದೋಕೆ ಶುರು ಮಾಡಿದೆ ಅಂತ ಹೇಳಬೇಕು. ನಮ್ಮ ದೊಡ್ಡಮ್ಮನ ಮಗಳು ಒಬ್ಬಳಿದ್ದಾಳೆ. ಅವಳ ಒಪ್ಪಿಗೆ ತಗೊಂಡೇ ಹೇಳ್ತಿದೀನಿ, ಹೆಸರು ಹೇಳಲ್ಲ. ದೊಡ್ಡಬಳ್ಳಾಪುರದ ಕಡೆ ಒಂದು ಗಾರ್ಮೆಂಟ್ಸಲ್ಲಿ ಸೂಪರ್‌ವೈಸರ್. ಮದುವೆಗೆ ಅಂತ ಆನ್‌ಲೈನಲ್ಲಿ ಪ್ರೊಫೈಲ್ ಹಾಕಿದ್ದಳು. ವಿದೇಶದಲ್ಲಿ ಎಂಜಿನಿಯರ್ ಅಂತ ಒಬ್ಬ ಮಾತಾಡೋಕೆ ಶುರು ಮಾಡಿದ. ದಿನಾ ಗುಡ್ ಮಾರ್ನಿಂಗ್, ಊಟ ಆಯ್ತಾ. ಎರಡು ತಿಂಗಳಾದ ಮೇಲೆ ಬರ್ತ್‌ಡೇ ಗಿಫ್ಟ್ ಕಳಿಸಿದೀನಿ ಅಂದ. ಆಮೇಲೆ ಕಸ್ಟಮ್ಸ್ ಆಫೀಸರ್ ಅಂತ ಒಬ್ಬಳ ಫೋನು. ಪಾರ್ಸೆಲ್ ಏರ್‌ಪೋರ್ಟಲ್ಲಿ ಇದೆ, ಡ್ಯೂಟಿ ಕಟ್ಟಿ, ಫೈನ್ ಕಟ್ಟಿ, ಒಳಗೆ ಫಾರಿನ್ ಕರೆನ್ಸಿ ಇದೆ, ಅದಕ್ಕೂ ಕಟ್ಟಿ. ಮೂರು ಕಂತಲ್ಲಿ 1,85,000 ರೂಪಾಯಿ.

ಕೆಟ್ಟ ಭಾಗ ದುಡ್ಡಲ್ಲ. ಮನೆಗೆ ಗೊತ್ತಾದ ದಿನ ದೊಡ್ಡಪ್ಪ ಮೊದಲು ಆಡಿದ ಮಾತು, “ಯಾರಿಗೂ ಹೇಳಬೇಡಿ.” ಮರ್ಯಾದೆ ಪ್ರಶ್ನೆ. ಆ ಕತ್ತಲೆಯಲ್ಲಿ ನಮ್ಮಜ್ಜಿ ಎಲೆ ಅಡಿಕೆ ಕುಟ್ತಾ ಕೂತಿದ್ದವರು ತಲೆ ಎತ್ತಿ ಕೇಳಿದರು: “ಅಲ್ಲ ಕಣವ್ವ, ಇಷ್ಟು ದುಡ್ಡು ಇಸ್ಕೊಂಡವನು ಒಂದು ಸೀರೆನಾದ್ರೂ ಕಳಿಸಬಾರದಿತ್ತಾ?” ಒಂದು ಕ್ಷಣ ಯಾರೂ ಉಸಿರು ಬಿಡಲಿಲ್ಲ. ಆಮೇಲೆ ಅಕ್ಕನೇ ಮೊದಲು ನಕ್ಕಳು. ಅಳ್ತಾ ಅಳ್ತಾ ನಕ್ಕಳು. ಅವನಿಗೆ ‘ಪಾರ್ಸೆಲ್ ಪರಮೇಶಿ’ ಅಂತ ಹೆಸರಿಟ್ಟಿದ್ದೂ ಅವಳೇ.

ನಕ್ಕ ಮೇಲೆ ಬಾಯಿ ಬಿಚ್ಚಿತು. ಆ ರಾತ್ರಿಯೇ 1930ಕ್ಕೆ ಫೋನ್ ಮಾಡಿದ್ವಿ. ಕೊನೆಯ ಕಂತು ಅವತ್ತೇ ಹೋಗಿತ್ತು, ಅದನ್ನ ಬ್ಯಾಂಕಲ್ಲಿ ತಡೆಹಿಡಿದರು, ತಿಂಗಳುಗಳಾದ ಮೇಲೆ ವಾಪಸ್ ಬಂತು. ಮೊದಲ ಎರಡು ಕಂತು ಬರಲಿಲ್ಲ. ದೊಡ್ಡಪ್ಪನ ಮಾತು ಕೇಳಿ ಸುಮ್ಮನಿದ್ದಿದ್ದರೆ ಮೂರನೆಯದೂ ಬರ್ತಿರಲಿಲ್ಲ. ನಾಚಿಕೆ ಅನ್ನೋದು ಮೋಸಗಾರನಿಗೆ ನಾವೇ ಸಂಬಳ ಕೊಡದೆ ನೇಮಿಸಿರೋ ಕಾವಲುಗಾರ. ಅವನನ್ನ ಬಾಗಿಲಿಂದ ಎಬ್ಬಿಸೋಕೆ ನಗುವಿನಷ್ಟು ಬೇಗ ಕೆಲಸ ಮಾಡೋದು ಬೇರೆ ಇಲ್ಲ. ಆದ್ರೆ ಒಂದು ಷರತ್ತು. ನಗೋದನ್ನ ಶುರು ಮಾಡಬೇಕಾದವಳು ಮೋಸ ಹೋದವಳೇ, ಅಥವಾ ಅವಳ ಕೈ ಹಿಡಿದು ಕೂತ ಅಜ್ಜಿಯಂಥವರು. ಪಕ್ಕದ ಮನೆಯವರು ನಕ್ಕರೆ ಅದು ಎರಡನೇ ಮೋಸ.

ಫೋರ್ ಟ್ವೆಂಟಿಗೆ ಹೊಸ ನಂಬರ್

ಉಪಯೋಗಕ್ಕೆ ಬರೋ ನಾಲ್ಕು ಮಾತು ಹೇಳಿಬಿಡ್ತೀನಿ. ಕಸ್ಟಮ್ಸ್ ಇಲಾಖೆ ಯಾರದೋ ವೈಯಕ್ತಿಕ ಖಾತೆಗೆ, ಯುಪಿಐ ನಂಬರಿಗೆ ಫೋನ್ ಮಾಡಿ ಡ್ಯೂಟಿ ಹಾಕಿಸಿಕೊಳ್ಳಲ್ಲ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಇಲ್ಲವೇ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್ಲಲ್ಲಿ ದೂರು ಹಾಕಿ. ಚಾಟ್ ಡಿಲೀಟ್ ಮಾಡಬೇಡಿ, ಸಿಟ್ಟು ಬಂದ್ರೂ ಮಾಡಬೇಡಿ. ಅದೇ ನಿಮ್ಮ ಉಂಗುರ.

ಇನ್ನು ಕಾನೂನು. ವಂಚನೆಗೆ 1860ರ ದಂಡ ಸಂಹಿತೆಯಲ್ಲಿ ಇದ್ದ ಸೆಕ್ಷನ್ 420. ನಮ್ಮ ಭಾಷೆಗೆ ಅದು ಎಷ್ಟು ಒಗ್ಗಿತ್ತು ಅಂದ್ರೆ ‘ಅವನೊಬ್ಬ ಫೋರ್ ಟ್ವೆಂಟಿ’ ಅಂದ್ರೆ ಮಕ್ಕಳಿಗೂ ಗೊತ್ತಾಗ್ತಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ವಂಚನೆ ಈಗ ಸೆಕ್ಷನ್ 318. ಬೇರೆಯವನ ವೇಷ ಹಾಕಿ ವಂಚಿಸಿದರೆ 319. ಮದುವೆ ಆಗೋ ಉದ್ದೇಶವೇ ಇಲ್ಲದೆ ಆಗ್ತೀನಿ ಅಂತ ನಂಬಿಸಿ ದೈಹಿಕ ಸಂಬಂಧ ಬೆಳೆಸಿದರೆ 69, ಹತ್ತು ವರ್ಷದ ತನಕ ಶಿಕ್ಷೆ. ಕಂಪ್ಯೂಟರ್, ಮೊಬೈಲ್ ಬಳಸಿ ಸುಳ್ಳು ಗುರುತಲ್ಲಿ ಮೋಸ ಮಾಡಿದರೆ ಐಟಿ ಕಾಯ್ದೆಯ 66ಡಿ. ‘ಅವನೊಬ್ಬ ತ್ರೀ ಏಯ್ಟೀನ್’ ಅಂತ ಬೈಯೋಕೆ ನಮ್ಮ ನಾಲಿಗೆಗೆ ಇನ್ನೂ ಒಂದು ತಲೆಮಾರು ಬೇಕು.

ಈಗ ಮೂರು ಹೆಸರು ಒಟ್ಟಿಗೆ ಇಟ್ಟು ನೋಡಿ. ಶಕುಂತಲೆಯ ಕತೆ ಮುಗಿಯಬೇಕಾದ್ರೆ ದುಷ್ಯಂತ ಒಪ್ಪಬೇಕಿತ್ತು. 1899ರ ಇಂದಿರಾಬಾಯಿಯ ಕತೆ ಮುಗಿಯೋಕೆ ಒಬ್ಬ ಒಳ್ಳೆಯ ವರ ಬೇಕಿತ್ತು. 1959ರ ಇಂದಿರಾಗೆ ಯಾರೂ ಬೇಕಾಗಲಿಲ್ಲ, ತನ್ನ ಕತೆಗೆ ತಾನೇ ಪೂರ್ಣವಿರಾಮ ಹಾಕಿದಳು. ನಾಲ್ಕನೆಯ ಹೆಜ್ಜೆ ನಮ್ಮ ಕಾಲದ್ದು. ಮೋಸ ಹೋದವಳೇ ಕತೆ ಹೇಳೋದು, ಹೇಳ್ತಾ ನಗೋದು, ನಗ್ತಾನೇ ದೂರು ಕೊಡೋದು. ಅಂಥ ಕಾದಂಬರಿ ಯಾರಾದ್ರೂ ಬರೆದರೆ ಮೊದಲ ಪ್ರತಿ ನನಗೆ ಇರಲಿ.

ಪುಸ್ತಕ ಓದೋ ಪುರುಸೊತ್ತು ಇದ್ದರೆ ‘ಬೆಳ್ಳಿ ಮೋಡ’ ಓದಿ, ಇಲ್ಲದಿದ್ದರೆ ಸಿನಿಮಾ ನೋಡಿ. ನಿಮ್ಮ ಮನೆಯಲ್ಲೋ, ಹಾಸ್ಟೆಲಲ್ಲೋ ಯಾರಾದ್ರೂ ಇದ್ದಕ್ಕಿದ್ದಂತೆ ಮೌನ ಆಗಿದ್ದರೆ, ಫೋನ್ ಕೆಳಗೆ ಮುಖ ಮಾಡಿ ಇಡ್ತಿದ್ದರೆ, ‘ಎಷ್ಟು ಹೋಯ್ತು’ ಅಂತ ಕೇಳೋಕೆ ಮುಂಚೆ ‘ಊಟ ಆಯ್ತಾ’ ಅಂತ ಕೇಳಿ. ಆ ಮಾತನ್ನ ಮೋಸಗಾರರಿಗೆ ಬಿಟ್ಟುಕೊಡೋದು ಬೇಡ.

ಮುಂದಿನ ವಾರ ಸಿಗೋಣ. ನಮಸ್ಕಾರ.